ಲೆನ್ಸಿಗೆ ಹಚ್ಚಿದ ವಿಭೂತಿ

ನಾನು ಪಿಎಚ್‌ಡಿ ಮಾಡಿದ್ದು ಯಾವುದರ ಮೇಲೆ ಎಂದು ಇಂಡಿ ಪಟ್ಟಣದಲ್ಲಿ ಯಾರಾದರೂ ಕೇಳಿದರೆ ನನಗೆ ಮೊದಲು ಬರುವುದು ಸಿಟ್ಟು. ಕೇಳಿದವರ ತಪ್ಪಲ್ಲ. ಉತ್ತರ ಕೊಟ್ಟ ಮೇಲೆ ಏನಾಗುತ್ತದೆ ಎಂದು ನನಗೆ ಮೊದಲೇ ಗೊತ್ತಿರುತ್ತದೆ, ಅದಕ್ಕೆ ಸಿಟ್ಟು. ಒಮ್ಮೆ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಹೈಸ್ಕೂಲ್ ಮಾಸ್ತರರೊಬ್ಬರು ಬಿಡದೆ ಕೇಳಿದರು. "ಲೇಸರ್ ಬೆಳಕಿನಿಂದ ಸಣ್ಣ ಕಣ ಹಿಡಿಯೂದ್ರಿ. ಧೂಳಿಗಿಂತಾ ಸಣ್ಣದು" ಎಂದೆ. "ಧೂಳ ಹಿಡಿಯಾಕ ಪಿಎಚ್‌ಡಿ ಯಾಕ ಬೇಕ್ರಿ ಸರ? ನಮ್ಮ ಮನಿಗಿ ಬರ್ರಿ, ಬೇಕಾದಷ್ಟೈತಿ, ಕೈಲೇ ಹಿಡೀರಿ" ಅಂದರು. ಅಂಗಡಿಯವನು ನಕ್ಕ. ನಾನೂ ನಕ್ಕೆ. ಚಹಾ ಮಾತ್ರ ಸರಿಯಾಗಿ ಇಳಿಯಲಿಲ್ಲ.

ನಾನು ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಬಲು ಮರ್ಯಾದೆಯ ಶಬ್ದ ಅಂದುಕೊಳ್ಳಬೇಡಿ. ಊಟ ಮುಗಿದ ಮೇಲೂ ಯಾಕೆ ಕೂತಿದ್ದಾನೆ ಎಂದು ಮನೆಯವರು ಮುಖ ನೋಡುತ್ತಾರಲ್ಲ, ಆ ಜಾತಿಯ ಅತಿಥಿ. ಮೊದಲು ಮುದ್ದೇಬಿಹಾಳ, ಆಮೇಲೆ ಬಸವನ ಬಾಗೇವಾಡಿ, ಆಮೇಲೆ ಇಂಡಿ. ಪ್ರತಿ ಬೇಸಿಗೆಯಲ್ಲೂ ಕೆಲಸ ಹೋಗುತ್ತದೆ, ಮಳೆ ಬಿದ್ದ ಮೇಲೆ ಕರೆ ಬಂದರೆ ಬಂತು. ದೂರದ ಊರಿನ ದೊಡ್ಡ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕತ್ತಲೆ ಕೋಣೆಯಲ್ಲಿ ಕೂತು ಕಲಿತ ವಿದ್ಯೆ ಇಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ನಿಜ ಹೇಳಬೇಕೆಂದರೆ ಆ ವಿಷಯದ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ. ಗುರುಗಳು ಕೊಟ್ಟರು, ಮಾಡಿದೆ.

ಕೇಳಿ ನಗದೆ ಇದ್ದವಳು ನನ್ನ ಅಕ್ಕ ಒಬ್ಬಳೇ. ಅವಳು "ಸುಳ್ಳು" ಅಂದಳು.

ಅಕ್ಕನನ್ನು ಕೊಟ್ಟದ್ದು ಇಂಡಿಯ ಹತ್ತಿರದ ಅಗರಖೇಡಕ್ಕೆ. ಗಂಡನಿಗೆ ಲಿಂಬೆಯ ತೋಟ ಇದೆ, ಉಣ್ಣಲು ಉಡಲು ಕಡಿಮೆ ಇಲ್ಲ. ನಾವು ಸಿಂದಗಿಯಲ್ಲಿದ್ದಾಗ ಪಿಯುಸಿಯಲ್ಲಿ ಸೈನ್ಸ್ ಓದಿದವಳು ಅವಳು. ನನಗೆ ಮೊದಲು ಫಿಸಿಕ್ಸ್ ಹೇಳಿಕೊಟ್ಟದ್ದೂ ಅವಳೇ. ಹಿತ್ತಲಿನ ನೀರಿನ ತೊಟ್ಟಿಯಲ್ಲಿ ಕೋಲು ಇಳಿಸಿ, "ಮುರದೈತೇನು ನೋಡು" ಎಂದು ಕೇಳುವಳು. ನಾನು ಮುರಿದಿದೆ ಅನ್ನುವೆ. ಹೊರಗೆ ತೆಗೆದು ನನ್ನ ತಲೆಗೆ ಅದೇ ಕೋಲಿನಿಂದ ಮೆಲ್ಲಗೆ ಬಡಿದು, "ಕೋಲು ನೆಟ್ಟಗೈತಿ, ಬೆಳಕು ಸೊಟ್ಟಗೈತಿ" ಅನ್ನುವಳು. ಡಿಗ್ರಿಗೆ ಹೋಗುತ್ತೇನೆ ಎಂದಾಗ ಅಪ್ಪ ವರ ನೋಡಿದ. ಅವಳಿಗಿಂತ ಬುದ್ಧಿಯಲ್ಲಿ ಒಂದು ಕೈ ಕಡಿಮೆಯೇ ಇದ್ದ ನನ್ನನ್ನು ಓದಲು ಕಳಿಸಿದರು. ಅದನ್ನು ಅವಳು ಒಮ್ಮೆಯೂ ಎತ್ತಿ ಆಡಿದವಳಲ್ಲ.

ಅವಳ ಕಣ್ಣಿನ ಕತೆ ಆಗಲೇ ಶುರುವಾಗಿತ್ತು, ನಮಗೆ ತಿಳಿದಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಾಗಿಲ ಚೌಕಟ್ಟಿಗೆ ಹಾಯುವಳು. ನೀರಿನ ಬಿಂದಿಗೆ ಎಡವುವಳು. ಅವ್ವ "ಕಣ್ಣು ಎಲ್ಲಿಟ್ಟಿ?" ಎಂದು ಬೈಯುವಳು. ಅವಳ ಮಕ್ಕಳು ದೊಡ್ಡವರಾದ ಮೇಲೆ ಸೋಲಾಪುರದ ಕಣ್ಣಿನ ಡಾಕ್ಟರರು ನೋಡಿ ಮೊದಲು ಕೇಳಿದ್ದು ಅಪ್ಪ ಅವ್ವ ಸಂಬಂಧದಲ್ಲಿ ಮದುವೆಯಾದವರೇನು ಎಂದು. ಹೌದು, ಅಪ್ಪ ಅವ್ವನಿಗೆ ಸೋದರಮಾವನೇ. ನಮ್ಮ ಕಡೆ ಅದು ದೊಡ್ಡ ಮಾತೇ ಅಲ್ಲ. ಕಣ್ಣಿನ ಒಳಪರದೆ ಸುತ್ತಲಿಂದ ಒಣಗುತ್ತ ಬರುತ್ತದೆ, ನಡುವಿನದು ಕೊನೆಗೆ ಹೋಗುತ್ತದೆ, ಇದಕ್ಕೆ ಔಷಧ ಇಲ್ಲ ಎಂದು ಅವರು ಮೆಲ್ಲಗೆ ತಿಳಿಸಿ ಹೇಳಿದರು. ಒಡಹುಟ್ಟಿದವರೂ ತೋರಿಸಿಕೊಳ್ಳಲಿ ಅಂದರು. ನಾನು ತೋರಿಸಿಕೊಂಡೆ. ನನಗೆ ಏನೂ ಇರಲಿಲ್ಲ.

ಆಮೇಲಿನ ದಿನಗಳಲ್ಲೇ ಒಮ್ಮೆ ಫೋನಿನಲ್ಲಿ ನನ್ನ ವಿದ್ಯೆಯ ಮಾತು ಬಂತು.

"ಏನಂದಿ? ಬೆಳಕು ಹಿಡೀತೈತಿ? ಸುಳ್ಳ ಹೇಳಬ್ಯಾಡ ತಮ್ಮಾ. ನಮ್ಮ ತ್ವಾಟದಾಗ ಇಷ್ಟ ವರ್ಷ ಬಿಸಲ ಬಿದ್ದೈತಿ, ಒಂದ ಲಿಂಬಿಕಾಯಿನೂ ಎತ್ತಿಲ್ಲ."

ನಾನು ವಿವರಿಸಿದೆ. ಬಿಸಿಲು ಎಲ್ಲ ಕಡೆ ಚೆಲ್ಲಿರುತ್ತದೆ. ಲೇಸರನ್ನು ಲೆನ್ಸಿನಿಂದ ಒಂದೇ ಚುಕ್ಕೆಗೆ ಕೂಡಿಸುತ್ತೇವೆ. ನೀರಿನಲ್ಲಿ ತೇಲುವ ಸಣ್ಣ ಪ್ಲಾಸ್ಟಿಕ್ ಗುಂಡು ಆ ಚುಕ್ಕೆಯ ಹತ್ತಿರ ಬಂದರೆ, ನಿನ್ನ ತೊಟ್ಟಿಯ ಕೋಲಿನ ಲೆಕ್ಕ, ಬೆಳಕು ಅದರೊಳಗೆ ಬಗ್ಗುತ್ತದೆ. ಗುಂಡು ಬೆಳಕನ್ನು ಬಗ್ಗಿಸಿದರೆ ಬೆಳಕು ಗುಂಡನ್ನು ತಳ್ಳುತ್ತದೆ. ತಳ್ಳುವುದು ಎಲ್ಲಿಗೆ? ಬೆಳಕು ಹೆಚ್ಚಿದ್ದ ಕಡೆಗೆ, ಅಂದರೆ ಆ ಚುಕ್ಕೆಯ ಹತ್ತಿರಕ್ಕೆ. ಅಲ್ಲಿಂದ ಗುಂಡು ತಪ್ಪಿಸಿಕೊಳ್ಳಲಾರದು. ಚುಕ್ಕೆ ಸರಿಸಿದರೆ ಗುಂಡೂ ಸರಿಯುತ್ತದೆ.

"ಬಾಯಿ ಮಾತಿಗೆ ನಾ ನಂಬಾಕಿ ಅಲ್ಲ. ತೋರ್ಸು, ನೋಡತೇನಿ" ಅಂದಳು. ಮೊಬೈಲಿಗೆ ವಿಡಿಯೋ ಕಳಿಸುತ್ತೇನೆ ಎಂದರೆ, "ಮೊಬೈಲಿನಾಗ ಎಲ್ಲಾ ಸುಳ್ಳ ಇರತಾವು. ನನ್ನ ಮುಂದ ಹಿಡದು ತೋರ್ಸು. ಲಗೂನ ತೋರ್ಸು ಮತ್ತ, ನನ್ನ ಕಣ್ಣು ನಿನ್ನ ದಾರಿ ಕಾಯೂದಿಲ್ಲ."

ಅಲ್ಲಿಂದ ಮುಂದೆ ಪ್ರತಿ ಫೋನಿನಲ್ಲೂ ಅದೇ ಪ್ರಶ್ನೆ. ಗಂಡನ ಮನೆಯವರು ಅವಳನ್ನು ಹೊತ್ತ ಹರಕೆಗೆಲ್ಲ ಕರೆದುಕೊಂಡು ಹೋದರು. ಅವಳು ಎಲ್ಲದಕ್ಕೂ ಹೋದಳು, ಯಾವುದನ್ನೂ ಬೇಡಲಿಲ್ಲವಂತೆ. ಬೇಡಿದ್ದು ನನ್ನ ಹತ್ತಿರ ಇದೊಂದೇ. ಇಷ್ಟು ಹೊತ್ತಿಗೆ ಗುರುಗಳು ನಿವೃತ್ತರಾಗಿ ಅವರ ಪ್ರಯೋಗಾಲಯ ಬೇರೆಯವರ ಕೈಗೆ ಹೋಗಿತ್ತು, ಅಲ್ಲಿಗೆ ಕರೆದೊಯ್ಯುವಂತೆಯೂ ಇರಲಿಲ್ಲ. ಹಳೆಯ ಲೇಸರ್, ಬಿಚ್ಚಿಟ್ಟ ಸೂಕ್ಷ್ಮದರ್ಶಕದ ಭಾಗಗಳು, ಒಂದು ಒಳ್ಳೆಯ ಲೆನ್ಸು, ಆ ಸಣ್ಣ ಗುಂಡುಗಳು ತೇಲುವ ಒಂದು ಸೀಸೆ ನೀರು ಇವಿಷ್ಟನ್ನು ಗುರುಗಳು ನನಗೆ ಕೊಡಿಸಿದರು. ಇಂಡಿಯ ಕಾಲೇಜಿನ ಮೂಲೆ ಕೋಣೆಯಲ್ಲಿ ಹೂಡಿದೆ.

ಈ ಕೆಲಸಕ್ಕೆ ಅಲುಗಾಟ ಆಗಬಾರದು. ಇಂಡಿಯಲ್ಲಿ ಅಲುಗಾಡದ ಜಾಗ ಯಾವುದು? ಸಕ್ಕರೆ ಫ್ಯಾಕ್ಟರಿ ಶುರುವಾದರೆ ಎರಡೆರಡು ಟ್ರೇಲರಿನಲ್ಲಿ ಕಬ್ಬು ಹೇರಿಕೊಂಡು, ಹಾಡು ಹಚ್ಚಿಕೊಂಡು ಟ್ರ್ಯಾಕ್ಟರುಗಳು ಹೋಗುತ್ತವೆ, ಕಿಟಕಿಯ ಗಾಜು ಗಡಗಡ ಅನ್ನುತ್ತದೆ. ಮುದ್ದೇಬಿಹಾಳದ ಗೆಳೆಯನೊಬ್ಬ ದಪ್ಪ ಹಾಸುಗಲ್ಲು ಕಳಿಸಿಕೊಟ್ಟ. ಬೈಕಿನ ಟ್ಯೂಬುಗಳಿಗೆ ಗಾಳಿ ತುಂಬಿ ಅವುಗಳ ಮೇಲೆ ಕಲ್ಲು ಕೂರಿಸಿದೆ, ಕಲ್ಲಿನ ಮೇಲೆ ಯಂತ್ರ. ಲೆನ್ಸು ಮೇಲ್ಮುಖವಾಗಿ ನಿಂತಿತು. ಅದರ ನೆತ್ತಿಗೆ ಒಂದು ಹನಿ ಎಣ್ಣೆ ಬಿಟ್ಟು, ಮೇಲೆ ನೀರು ಹಿಡಿದ ಗಾಜಿನ ಪಟ್ಟಿ ಇಡಬೇಕು. ಆ ಎಣ್ಣೆ ಇಲ್ಲದಿದ್ದರೆ ಬೆಳಕು ಸರಿಯಾಗಿ ಕೂಡುವುದಿಲ್ಲ. ರವಿವಾರಗಳೆಲ್ಲ ಅದಕ್ಕೇ ಹೋದವು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಹುಡುಗರ ಪ್ರಾಕ್ಟಿಕಲ್ಲಿಗೆ ನೆಟ್ಟಗ ಒಂದು ತಕ್ಕಡಿ ಇಲ್ಲ, ನಿಮ್ಮದು ಲೇಸರ್ ಏನ್ರಿ?" ಎಂದು ನಕ್ಕು ಹೋಗುತ್ತಿದ್ದರು. ಅವರು ಹೇಳಿದ್ದೂ ಖರೆಯೇ.

ದಸರಾ ಹತ್ತಿರ ಬಂದಾಗ ಗುಂಡು ಸಿಕ್ಕಿತು. ಕ್ಯಾಮೆರಾದಿಂದ ಕಂಪ್ಯೂಟರಿನ ಪರದೆಗೆ ಬಂದ ಚಿತ್ರದಲ್ಲಿ ಹತ್ತಾರು ಗುಂಡುಗಳು ನೀರಿನಲ್ಲಿ ಅಡ್ಡಾಡುತ್ತಿದ್ದವು. ಒಂದು ಮಾತ್ರ ಚುಕ್ಕೆಯ ಬಳಿ ಬಂದು ಗಕ್ಕನೆ ನಿಂತಿತು. ಅದು ನಾನು ಎಷ್ಟೋ ಸಲ ನೋಡಿದ್ದೇ. ಆದರೆ ಅವತ್ತು ಅದು ಅಕ್ಕನಿಗಾಗಿ ಹಿಡಿದದ್ದು. ಕೂಡಲೇ ಫೋನ್ ಮಾಡಿದೆ. "ಖಂಡೇ ಪೂಜಿ ದಿನ ಬರತೇನಿ" ಅಂದಳು. ಆಗ ಅವಳಿಗೆ ಎದುರಿನದು ಬಳೆಯಷ್ಟು ಅಗಲ ಕಾಣುತ್ತಿತ್ತು. ಕಂಡಷ್ಟು ಚೊಕ್ಕಾಗಿ ಕಾಣುತ್ತಿತ್ತು.

ನಮ್ಮ ಕಡೆ ಮಹಾನವಮಿಗೆ ಖಂಡೇ ಪೂಜೆ. ಕುಡುಗೋಲು, ನೇಗಿಲು, ಪಂಪ್‌ಸೆಟ್ಟು, ಟ್ರ್ಯಾಕ್ಟರು, ಅಂಗಡಿಯ ತಕ್ಕಡಿ, ದುಡಿದು ಕೊಡುವುದು ಯಾವುದಿದ್ದರೂ ತೊಳೆದು ವಿಭೂತಿ ಹಚ್ಚಿ ಹೂವು ಏರಿಸಬೇಕು. ಅಕ್ಕ ಒಂದು ಬುಟ್ಟಿ ತುಂಬ ಸಾಮಾನು ತಂದಿದ್ದಳು. ಗಂಡ ಬೈಕಿನಲ್ಲಿ ಬಿಟ್ಟು, ಪೇಟೆಯಲ್ಲಿ ಕೆಲಸವಿದೆ ಎಂದು ಹೋದ. ಕಾಲೇಜು ಖಾಲಿ. ಯಂತ್ರ ತೋರಿಸಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಬಾರದು, ಪರದೆಯ ಮೇಲೆ ನೋಡಬೇಕು ಎಂದು ಮೊದಲೇ ಎಚ್ಚರಿಸಿದೆ. "ಲೇಸರ್ ಕಣ್ಣಿಗಿ ಬಿದ್ದ್ರ ಇದ್ದಷ್ಟೂ ಹೋಗತೈತಿ ಅಕ್ಕಾ."

"ಹೆಂಗಿದ್ರೂ ಹೋಗೂದ ಐತಿ. ನೋಡಿ ಹೋಗ್ಲಿ ಬಿಡು" ಎಂದು ನಕ್ಕಳು.

ಲೆನ್ಸಿನ ನೆತ್ತಿಗೆ ಎಣ್ಣೆ ಬಿಟ್ಟೆ, ಗಾಜಿನ ಪಟ್ಟಿ ಇಡುವುದರೊಳಗೆ ಕರೆಂಟು ಹೋಯಿತು. ಜನರೇಟರ್ ಹಚ್ಚಲು ಕೆಳಗೆ ಹೋದೆ. ಹಾಳಾದ್ದು ಹತ್ತು ಸಲ ಎಳೆದರೂ ಹತ್ತಲಿಲ್ಲ. ಹತ್ತಿಸಿ ಮೇಲೆ ಬಂದು ನೋಡಿದರೆ ಹಾಸುಗಲ್ಲಿನ ನಾಲ್ಕೂ ಮೂಲೆಗೆ ಚೆಂಡು ಹೂವು, ಲೇಸರಿಗೆ ಕುಂಕುಮ, ಊದಿನಕಡ್ಡಿಯ ಹೊಗೆ. ಹಾಸುಗಲ್ಲಿನ ಮೇಲೆ ಪುಟ್ಟದಾಗಿ ಎದ್ದು ನಿಂತ ಲೆನ್ಸಿಗೆ ಮೂರು ಬೆರಳಿನ ವಿಭೂತಿ. ಅಕ್ಕ ಸೆರಗಿನ ಚುಂಗಿನಿಂದ ಅದರ ನೆತ್ತಿ ಒರೆಸುತ್ತಿದ್ದಳು, ಕೂಸಿನ ಮುಖ ಒರೆಸಿದ ಹಾಗೆ.

"ನೀ ಎಣ್ಣಿ ಹಚ್ಚಿದ್ದಿ, ಈಬತ್ತಿ ಮರತಿದ್ದಿ. ಪೂಜಿ ಅರ್ಧಕ್ಕ ಬಿಡಬಾರದಂತ ನಾನ ಹಚ್ಚಿದೆ. ನೆತ್ತಿ ಮ್ಯಾಲ ಗಾಜು ಕೈಗಿ ಹತ್ತಿತು, ಮಸುಕಾಗಬಾರದಂತ ಛಂದಂಗ ಒರಸೇನಿ ನೋಡು."

ಎಣ್ಣೆ ಕಂಡರೆ ನಮ್ಮವರು ಇನ್ನೇನು ತಿಳಿದಾರು? ಎಣ್ಣೆ ಹಚ್ಚಿಸಿಕೊಂಡು ಎದ್ದು ನಿಂತದ್ದು ದೇವರೇ. ವಿಭೂತಿ ಎಂದರೆ ಸುಟ್ಟ ಬೂದಿ. ಹಿತ್ತಾಳೆ ಪಾತ್ರೆಗಳನ್ನು ನಮ್ಮವ್ವ ಬೂದಿಯಿಂದ ತಿಕ್ಕುತ್ತಿದ್ದದ್ದು ಅದರ ಒರಟಿಗೇ. ಆ ಗಾಜಿನ ಮೇಲೆ ಹೊಗೆಯಷ್ಟು ತೆಳುವಾದ ಲೇಪ ಇರುತ್ತದೆ. ಅದನ್ನು ನಾನು ಹತ್ತಿಯಿಂದಲೂ ಉಸಿರು ಬಿಗಿಹಿಡಿದು ಮುಟ್ಟುತ್ತಿದ್ದೆ. ಲೆನ್ಸಿಗೆಂದೇ ಇದ್ದ ದ್ರವ ಹಾಕಿ ತೊಳೆದೆ, ಬೆಳಕಿಗೆ ಹಿಡಿದು ನೋಡಿದೆ. ಸುತ್ತು ಸುತ್ತಾಗಿ ಗೀರು. ಆದರೂ ಹುಚ್ಚು ಆಸೆ, ಕೂರಿಸಿ ಲೇಸರ್ ಹಚ್ಚಿದೆ. ಚುಕ್ಕೆ ಒಡೆದು ಹರಡಿತ್ತು. ಗುಂಡುಗಳು ಅದರ ಹತ್ತಿರ ಬರುತ್ತಿದ್ದವು, ಸ್ವಲ್ಪ ತಡೆದಂತೆ ಮಾಡುತ್ತಿದ್ದವು, ದಾಟಿ ಹೋಗುತ್ತಿದ್ದವು. ಅಕ್ಕ ಪರದೆಗೆ ಮುಖವಿಟ್ಟು, ಕತ್ತನ್ನು ಆ ಕಡೆ ಈ ಕಡೆ ಮೆಲ್ಲಗೆ ಆಡಿಸುತ್ತ, ಮಧ್ಯಾಹ್ನವೆಲ್ಲ ಕೂತಿದ್ದಳು. ಗುಂಡು ಕಾಣುತ್ತವೆ ಅಂದಳು. ನೀರಿನಲ್ಲಿ ಸುಮ್ಮನೆ ಇರದೆ ನಡುಗುತ್ತವೆ ಎಂಬುದನ್ನೂ ತಾನೇ ಗುರುತಿಸಿ ಹೇಳಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಮಾತನ್ನು ನಾನು ಆಡುತ್ತ ಬೆಳೆದವನು, ಅದರ ಉರಿ ತಿಳಿದದ್ದು ಅವತ್ತು.

"ಜನರೇಟರ್ ಕರೆಂಟು ಸರಿ ಇಲ್ಲಕ್ಕಾ. ಇವತ್ತ ಆಗೂದಿಲ್ಲ" ಎಂದೆ.

"ನಾ ಕೆಡಿಸಿದೆನೇನು?"

"ಇಲ್ಲ."

ಅಕ್ಕ ಕುರುಡಿಯಾಗುತ್ತಿದ್ದಳು, ಪೆದ್ದಿಯಾಗುತ್ತಿರಲಿಲ್ಲ. "ಇಲ್ಲ ಅಂತಿ, ಆದ್ರ ಬೈಯವಲ್ಲಿ. ಸಣ್ಣಾವ ಇದ್ದಾಗಿಂದ ನಿನ್ನ ಸಾಮಾನ ಮುಟ್ಟಿದ್ರ ಊರ ಒಂದ ಮಾಡಾಂವ ನೀ. ಬೈದಿದ್ರ ನಂಬತಿದ್ದೆ" ಅಂದಳು. ಹೂವುಗಳನ್ನು ಒಂದೊಂದಾಗಿ ಕೈಯಾಡಿಸಿ ಹುಡುಕಿ ಬುಟ್ಟಿಗೆ ಹಾಕಿಕೊಂಡಳು.

ಬೇರೆ ಲೆನ್ಸಿಗಾಗಿ ನಾನು ಬೇಡದವರಿಲ್ಲ. ಕಾಲೇಜಿನಲ್ಲಿ, ಇದು ಪರೀಕ್ಷೆಗೆ ಬರುವ ವಿಷಯವೇನು ಎಂದು ಕೇಳಿದರು. ಅಲ್ಲ. ಹಳೆಯ ಗೆಳೆಯರಿಗೆಲ್ಲ ಫೋನ್ ಮಾಡಿದೆ. ಅಕ್ಕನಿಗಾಗಿ ಎಂದು ಹೇಳಲು ನಾಲಗೆ ಏಳದೆ ಸಂಶೋಧನೆಗೆ ಎಂದೆ; ಇಂಡಿಯಲ್ಲಿ ಎಂಥ ಸಂಶೋಧನೆ ಎಂದು ಅವರು ಒಳಗೇ ನಕ್ಕಿರಬೇಕು. ನೋಡೋಣ ಅಂದರು. ನೋಡೋಣ ಅನ್ನುವುದು ಎಷ್ಟು ಉದ್ದದ ಶಬ್ದ ಎಂದು ಅಕ್ಕನ ಕಣ್ಣಿನ ಜೊತೆ ಕಾಯ್ದವನಿಗೇ ಗೊತ್ತು. ಬೇಸಿಗೆಯಲ್ಲಿ ನನ್ನ ಕೆಲಸ ಹೋಯಿತು, ಮಳೆ ಬಿದ್ದ ಮೇಲೆ ಮತ್ತೆ ಬಂತು. ಅಷ್ಟರಲ್ಲಿ ಬಳೆ ಹೋಗಿ ಉಂಗುರವಾಗಿತ್ತು. ಫೋನಿನಲ್ಲಿ ಈಗ ಅವಳು ಕೇಳುವುದನ್ನು ಬಿಟ್ಟಿದ್ದಳು, ನಾನೇ "ಬರತೈತಿ ಅಕ್ಕಾ, ಲೆನ್ಸು ಬರತೈತಿ" ಅನ್ನುತ್ತಿದ್ದೆ. "ಬರಲಿ" ಅನ್ನುತ್ತಿದ್ದಳು. ಇನ್ನೊಂದು ಚಳಿಗಾಲದ ಹೊತ್ತಿಗೆ, "ಅಂಗಿ ಗುಂಡಿ ತೂತಿನಷ್ಟ ಐತಿ, ಅದೂ ಮಬ್ಬು" ಅಂದಳು. ನಡುವಿನದು ಕೊನೆಗೆ ಹೋಗುತ್ತದೆ ಎಂದಿದ್ದ ಸೋಲಾಪುರದ ಡಾಕ್ಟರರು, ಕೊನೆ ಎಲ್ಲರಿಗೂ ಒಂದೇ ಹೊತ್ತಿಗೆ ಬರುವುದಿಲ್ಲ ಅಂದರು.

ಹಳೆಯ ಸಹಪಾಠಿಯೊಬ್ಬ, ಬಳಸಿ ಬಿಟ್ಟ ಒಂದು ಲೆನ್ಸನ್ನು ಬಸ್ಸಿನ ಪಾರ್ಸೆಲ್ಲಿನಲ್ಲಿ ಕಳಿಸಿದ್ದು ಅದರ ಮುಂದಿನ ಮಳೆಗಾಲ. ಕೂರಿಸಿದೆ, ಬೆಳಕು ಹೊಂದಿಸಿದೆ, ಗುಂಡು ಸಿಕ್ಕಿತು. ಫೋನ್ ಮಾಡಿ ಬಾ ಎಂದೆ. "ಬಂದ ಏನ ಮಾಡಲೋ?" ಅಂದಳು. ನಾನೇ ಹಟ ಹಿಡಿದೆ. ಗುಂಡಿ ತೂತು ಇನ್ನೂ ಇದೆಯಲ್ಲ, ಪರದೆಯ ತುಂಬ ಒಂದೇ ಗುಂಡು ಬರುವ ಹಾಗೆ ದೊಡ್ಡದು ಮಾಡುತ್ತೇನೆ ಎಂದೆ.

ಗಂಡ ಬೈಕಿನಲ್ಲಿ ತಂದು ಬಿಟ್ಟು, ಲಿಂಬೆಯ ಸವಾಲು, ಹರಾಜು ಇದೆ ಎಂದು ಮಾರ್ಕೆಟ್ಟಿಗೆ ಹೋದ. ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಕೋಣೆಯಲ್ಲಿ ಅವಳು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು, ಏನನ್ನೂ ಮುಟ್ಟಲಿಲ್ಲ. ಕಿಟಕಿ ಮುಚ್ಚಿದೆ, ದೀಪ ಆರಿಸಿದೆ. ಪರದೆಯಲ್ಲಿ ಹಿಡಿದಿಟ್ಟ ಗುಂಡು ಲಿಂಬೆಕಾಯಿಯಷ್ಟು ದೊಡ್ಡದಾಗಿ ನಿಂತಿತ್ತು. ಅವಳ ಗದ್ದ ಹಿಡಿದು ಮುಖವನ್ನು ನೆಟ್ಟಗೆ ಮಾಡಿದೆ.

"ಎಲ್ಲೈತಿ?"

"ನಿನ್ನ ಮುಂದ. ಬಲಕ್ಕ ಚೂರ ತಿರುಗು. ಸಾಕು. ಅಲ್ಲೇ ಐತಿ."

"ಬೆಳ್ಳಗ ಐತಿ."

"ಅದು ಪರದೆ. ಅದರ ನಡುವ ನೋಡು."

ಅವಳು ಕತ್ತು ಆಡಿಸಿದಳು. ಮುಂದೆ ಬಂದಳು, ಹಿಂದೆ ಸರಿದಳು. ಮೂಗು ಪರದೆಗೆ ತಾಗಿತು. ನಾನು ಚುಕ್ಕೆಯನ್ನು ಎಡಕ್ಕೆ ಒಯ್ದೆ, ಬಲಕ್ಕೆ ತಂದೆ. ಗುಂಡು ಬೆನ್ನುಹತ್ತಿ ಬಂತು. ಓಡಾಡುವುದಾದರೂ ಕಂಡೀತು ಅಂದುಕೊಂಡೆ. ಚಿತ್ರವನ್ನು ಕಪ್ಪು ಮಾಡಿ ಗುಂಡನ್ನು ಬೆಳ್ಳಗೆ ಮಾಡಿದೆ. ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಅಲ್ಲಿಗೆ ಮುಗಿಯಿತು.

"ಕಾಣವಲ್ದು ತಮ್ಮಾ" ಅಂದಳು.

ಕಂಡಿತು ಎಂದು ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡುವ ಜಾಯಮಾನ ಅವಳದಲ್ಲ. ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ, ನಾಚಿಕೆ ಬಿಟ್ಟು ಹೇಳುತ್ತೇನೆ.

"ನೀನ ಹೇಳು. ಕ್ಲಾಸಿನಾಗ ಹೇಳಿದಂಗ ಹೇಳಬ್ಯಾಡ."

ಹೇಳಿದೆ. ಉಳಿದವು ತಮ್ಮ ಪಾಡಿಗೆ ಹೋಗುತ್ತಿವೆ, ಇದೊಂದು ನಿಂತಿದೆ, ನಿಂತಲ್ಲೇ ನಡುಗುತ್ತಿದೆ. ಎಳೆದ ಕಡೆ ಬರುತ್ತದೆ. ಸುತ್ತ ಏನೂ ಇಲ್ಲ, ದಾರವಿಲ್ಲ, ಕೊಂಡಿ ಇಲ್ಲ, ಬರೀ ಬೆಳಕು. ಅವಳು ಕೈ ಚಾಚಿ ಗಾಳಿಯಲ್ಲಿ ಹುಡುಕಿ ನನ್ನ ಭುಜ ಮುಟ್ಟಿದಳು.

"ನೀ ಹೇಳಿದ್ದು ನಾ ನಂಬತೇನಿ. ಅವತ್ತ ಫೋನಿನಾಗ ಹೇಳಿದಾಗನ ನಂಬಿದ್ದೆ. ಸುಮ್ಮನ ಸುಳ್ಳು ಅಂದೆ." ಕೈ ತೆಗೆಯದೆ ಹೇಳಿದಳು, "ನಂಬೂದ ಬ್ಯಾಡಾಗಿತ್ತೋ ನನಗ. ನೋಡೂದು ಬೇಕಾಗಿತ್ತು."

ಕೆಳಗೆ ಗಂಡ ಹಾರ್ನ್ ಹೊಡೆದ. ಮೆಟ್ಟಿಲು ಇಳಿಸಿ ಬೈಕಿನ ಹಿಂದೆ ಕೂರಿಸಿದೆ. ಲಿಂಬೆಗೆ ರೇಟು ಬರಲಿಲ್ಲ ಎಂದು ಅವನು ಹೇಳುತ್ತಿದ್ದ. ಅಕ್ಕ ಅವನ ಹೆಗಲು ಹಿಡಿದುಕೊಂಡು, ನಾನು ನಿಂತಿರದ ಕಡೆಗೆ ಮುಖ ಮಾಡಿ "ಬರತೇನಿ" ಅಂದಳು.

ಲೇಸರ್ ಹಚ್ಚಿಟ್ಟು ಕೋಣೆ ಬಿಟ್ಟು ಹೋಗಬಾರದು, ಮರೆತು ಹೋಗಿದ್ದೆ. ತಿರುಗಿ ಬಂದಾಗ ಗುಂಡು ಹಾಗೇ ನಿಂತಿತ್ತು. ಅದರ ಅಂಚು, ಅಂಚಿನ ಸುತ್ತಲಿನ ಕಪ್ಪು ಗೆರೆ, ನಡುಕ, ಎಲ್ಲವೂ ನನಗೆ ಒಂದೂ ಬಿಡದೆ ಕಂಡಿತು. ಅದನ್ನು ನೋಡಬೇಕು ಎಂದು ನಾನು ಯಾವತ್ತೂ ಆಸೆಪಟ್ಟವನಲ್ಲ. ನನ್ನ ಎರಡೂ ಕಣ್ಣು ಚೆನ್ನಾಗಿದ್ದವು.